ಬಿಸಿಲಿನ ಜಾಗ

"ಜೊಂಡಿನ ಗಡ್ಡಿಗೆ ಹಾದಿ ಯಾವುದ್ರಿ ಯಪ್ಪಾ?"

ಬಲೆ ಬಿಡಿಸುತ್ತ ಕುಳಿತಿದ್ದ ಮುದುಕ ತಲೆ ಎತ್ತಲಿಲ್ಲ.

"ಹಾದಿ ಇದ್ದಿದ್ರ ಹೇಳ್ತಿದ್ದೆ."

ಸಾವಂತ್ರಿ ಬೆಳಗಿನಿಂದ ಹೊಳೆಯ ಕವಲುಗಳ ನಡುವೆ ಸುತ್ತುತ್ತಿದ್ದಳು. ಒಂದು ಕವಲು ದಾಟಿದರೆ ಮುಂದೆ ಇನ್ನೊಂದು. ಮರಳು ಅಂದುಕೊಂಡದ್ದು ಕೆಸರು, ದಂಡೆ ಅಂದುಕೊಂಡದ್ದು ಬರೀ ಜೊಂಡು. ಈಗ ಬಂದ ದಾರಿಯ ಗುರುತೂ ಸಿಗುತ್ತಿರಲಿಲ್ಲ.

ಹಾದಿ ತಪ್ಪಿದವರಿಗೆ ಎದುರಾಗುವ ಮನುಷ್ಯನಿಗೆ ಯಾವಾಗಲೂ ಪುರುಸೊತ್ತು ಇರುತ್ತದೆ. ಈ ಮುದುಕನಿಗೂ ಇತ್ತು.

"ಮತ್ತ ಅಲ್ಲಿ ಮಂದಿ ಹೆಂಗ ಹೋಗಿ ಬರ್ತಾರ?"

"ಒದ್ದಿ ಆಗಿ."

ಅವಳು ಸೀರೆಯ ನೆರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದಳು. ಮುದುಕ ಈಗ ಅದನ್ನು ನೋಡಿದ.

"ಅದನ್ನ ಬಿಡು ತಂಗಿ. ಎರಡೂ ಕೈ ಸೀರಿಗೇ ಕೊಟ್ರ, ಕಾಲು ಜಾರಿದಾಗ ಹಿಡಕೊಳ್ಳಾಕ ಏನು ಉಳೀತೈತಿ?"

ಅವಳು ಬಿಡಲಿಲ್ಲ.

"ಯಾರ ಮನಿಗೆ?"

"ಫಕೀರವ್ವನ ಮನಿಗೆ. ಚಾಪಿ ಹೆಣೀತಾಳಲ್ಲ, ಅಕಿ."

"ನೀ ಯಾರು?"

"ಆಚಿ ದಂಡಿ ಆಶ್ರಮದಾಕಿ. ಸಣ್ಣ ಹುಡುಗರಿಗೆ ಪಾಠ ಹೇಳ್ತೀನಿ."

ಮುದುಕನ ಕೈ ಬಲೆಯ ಮೇಲೆ ನಿಂತಿತು.

"ಹಾಂ. ಅಕ್ಕೋರು ನೀವು."

ಅವನು ಎದ್ದು ನಿಂತ. ಗೌರವಕ್ಕೆ ಎದ್ದನೋ, ಬೆನ್ನು ನೋವಿಗೆ ಎದ್ದನೋ, ಅವಳಿಗೆ ತಿಳಿಯಲಿಲ್ಲ.

"ಹಂಗಾರ ಹಾದಿ ಐತ್ರಿ. ಆ ಮನಿ ಹುಡುಗ ದಿನಾ ಬರ್ತಿದ್ದ ನೋಡ್ರಿ, ಅದ ಹಾದಿ. ಇಲ್ಲಿ ಕರಿ ಕಲ್ಲು. ಅಲ್ಲಿ ಅತ್ತಿ ಗಿಡ. ಎರಡರ ನಡುವ ನೆಟ್ಟಗ ಹೋಗ್ರಿ. ನಿಮಗ ನಡಾಮಟ ಬರತೈತಿ. ಅವಂಗ ಕುತ್ತಿಗಿಮಟ ಬರ್ತಿತ್ತು."

"ನೀವು ಅವನ್ನ ನೋಡ್ತಿದ್ರೇನು?"

"ಅಂವ ಎಲ್ಲಿ ಕಾಣ್ತಿದ್ದ? ಪಾಟಿ ಕಾಣ್ತಿತ್ತು." ಮುದುಕ ಒಂದು ಕೈಯನ್ನು ತಲೆಯ ಮೇಲೆ ಎತ್ತಿ ತೋರಿಸಿದ. "ಹಿಂಗ. ದೂರಿಂದ ನೋಡಿದ್ರ, ನೀರ ಮ್ಯಾಲ ಪಾಟಿ ಒಂದ ನಡಕೊಂತ ಹೋದಂಗ. 'ಪಾಟಿ ಹೊಂಟ್ತು ಸಾಲಿಗೆ, ಏಳ್ರಿ, ಬಲಿ ಹಾಕೂಣು' ಅಂತಿದ್ವಿ. ನಮಗ ಅದ ಗಡಿಯಾರ."

ಅವನು ನಗತೊಡಗಿದ. ಅರ್ಧಕ್ಕೇ ನಿಲ್ಲಿಸಿದ.

"ಈಗ ಹೊತ್ತು ತಿಳಿಯಂಗಿಲ್ರಿ."

ಸಾವಂತ್ರಿ ಕರಿ ಕಲ್ಲಿನ ಕಡೆ ನಡೆದಳು.

*

ಹೊಳೆದಂಡೆಯ ಆಶ್ರಮದ ಗುರು ನಿಂಬೆವ್ವ. ಎಲ್ಲರ ಬಾಯಲ್ಲಿ ಅವ್ವಾರು. ಆಶ್ರಮ ಅಂದರೆ ಒಂದು ಉದ್ದನೆಯ ಪಡಸಾಲೆ, ಹೊರಗೆ ಒಂದು ಕಲ್ಲಿನ ಕಟ್ಟೆ, ಹಿಂದೆ ಅಡುಗೆಮನೆ. ಹೆಸರು ದೊಡ್ಡದು, ಜಾಗ ಚಿಕ್ಕದು.

ಸಾವಂತ್ರಿ ಅಲ್ಲಿಯೇ ಕಲಿತವಳು. ಕಲಿತು ಮುಗಿದ ಮೇಲೆ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ತಾನಾಗಿ ಕೇಳಿದಳು.

"ಯಾವುದರಿಂದ ಶುರು ಮಾಡ್ಲಿರಿ ಅವ್ವಾರ?"

"ಉಣ್ಣೋದರಿಂದ."

ಅದು ಆಶ್ರಮದ ಪದ್ಧತಿ. ಮಗುವಿನ ಮನೆಯಲ್ಲಿ ಕುಳಿತು ಒಂದು ಹೊತ್ತು ಉಣ್ಣದೆ ಆ ಮಗುವಿಗೆ ಅಕ್ಷರ ಹೇಳಬಾರದು. ಬೇರೆ ಕಡೆ ಮಕ್ಕಳು ಗುರುವಿಗೆ ಕಾಣಿಕೆ ತರುತ್ತಾರೆ. ಇಲ್ಲಿ ಗುರು ಮಕ್ಕಳ ಮನೆಗೆ ಹಸಿವೆ ತೆಗೆದುಕೊಂಡು ಹೋಗಬೇಕು.

"ಉಣ್ಣೋ ಮುಂದ ಏನೇನು ಕೇಳಬೇಕ್ರಿ?"

"ಏನೂ ಕೇಳಬ್ಯಾಡ. ಮಗೂನ್ನ ಮನ್ಯಾಗ ಏನಂತ ಕರೀತಾರ, ಅಷ್ಟು ಕಿವಿಗೆ ಹಾಕ್ಕೊಂಡು ಬಾ."

"ಅದನ್ನ ಇಲ್ಲೇ ಕೇಳಬಹುದಲ್ರಿ."

"ಇಲ್ಲಿ ಹೇಳಂಗಿಲ್ಲ."

ಸಾವಂತ್ರಿ ಉಂಡಳು. ಕುಂಬಾರರ ಮನೆಯಲ್ಲಿ, ಗಾಣಿಗರ ಮನೆಯಲ್ಲಿ, ಕಂಬಳಿ ನೇಯುವವರ ಮನೆಯಲ್ಲಿ. ಊರಿನ ಉಪ್ಪಿನಕಾಯಿಯ ರುಚಿಯೆಲ್ಲ ಅವಳ ನಾಲಗೆಗೆ ಬಂತು. ಯಾರ ಅಪ್ಪ ಕುಡಿದು ಬರುತ್ತಾನೆ, ಯಾವ ಹುಡುಗಿ ಕತ್ತಲೆಗೆ ಹೆದರುತ್ತಾಳೆ, ಯಾವ ಮನೆಯಲ್ಲಿ ಅಜ್ಜಿಗೆ ಹೆದರಿ ಸೊಸೆ ಮಾತೇ ಆಡುವುದಿಲ್ಲ, ಎಲ್ಲ ಕೇಳದೇ ತಿಳಿಯಿತು.

ಒಂದು ಮನೆ ಉಳಿಯಿತು.

"ಎಲ್ಲಾರ ಮನ್ಯಾಗೂ ಉಂಡೇನು?"

"ಒಂದು ಬಾಕಿ ಐತ್ರಿ. ನಡುಗಡ್ಡಿ ಮ್ಯಾಲಿಂದು. ನೀರು ಇಳೀಲಿ, ಹೋಗ್ತೀನಿ."

ಅವ್ವಾರು ಅವಳ ಮುಖ ನೋಡಿದರು. ಏನೋ ಹೇಳಲಿಕ್ಕೆ ಬಾಯಿ ತೆರೆದರು.

"ಹಾಲು ಉಕ್ಕತೈತಿ," ಅಂದು ಎದ್ದು ಒಳಗೆ ಹೋದರು.

*

ಆ ಮನೆಯ ಹುಡುಗ ಹುಲಗಪ್ಪ. ದಿನಾ ತಡ, ದಿನಾ ಒದ್ದೆ. ತಲೆಯಿಂದ ಕಾಲಿನವರೆಗೆ ನೀರು ಸೋರುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದ.

"ಮತ್ತ ಹೊಳ್ಯಾಗ ಆಡಿ ಬಂದೇನು?"

"ಇಲ್ರಿ ಅಕ್ಕೋರ."

"ಹಂಗಾರ ಈ ನೀರು ನಿನ್ನ ಹುಡುಕಿಕೊಂಡು ಬಂತೇನು?"

ಮಕ್ಕಳು ನಕ್ಕವು. ಅವನೂ ನಕ್ಕ.

"ನಗಬ್ಯಾಡ. ಚಾಪಿ ಎಲ್ಲಾ ಹಸಿ ಆಗತಾವು. ಕಟ್ಟಿ ಮ್ಯಾಲ ಕುಂಡ್ರು. ಒಣಗಿದ ಮ್ಯಾಲ ಒಳಗ ಬಾ."

ಅವನು ಕಟ್ಟೆಯ ಮೇಲೆ ಕುಳಿತ. ಕಿಟಕಿಯ ಕಡೆ ಕಿವಿ ಇಟ್ಟು ಅಲ್ಲಿಂದಲೇ ಪಾಠ ಒಪ್ಪಿಸಿದ. ಮಳೆಗಾಲದಲ್ಲಿ ಬಟ್ಟೆ ಒಣಗುವುದಿಲ್ಲ. ಪಾಠ ಹೇಳುವವರಿಗೆ ಅಷ್ಟು ಗೊತ್ತಿರಬೇಕಿತ್ತು. ಹುಡುಗ ಬಹಳ ದಿನ ಒಳಗೆ ಬರಲೇ ಇಲ್ಲ. ಬರಲಿಲ್ಲ ಅನ್ನುವುದು ಯಾರ ಗಮನಕ್ಕೂ ಬರಲಿಲ್ಲ, ಯಾಕೆಂದರೆ ಪಾಠ ಒಪ್ಪಿಸುವಾಗ ಅವನ ದನಿ ಎಲ್ಲರಿಗಿಂತ ಜೋರಾಗಿತ್ತು.

ಸಾಲೆ ಬಿಟ್ಟ ಮೇಲೆ ಕಂಬದ ಹಿಂದೆ ನಿಂತು ಕೇಳುತ್ತಿದ್ದ.

"ಅವ್ವ ಊಟಕ್ಕ ಕರದಾಳ್ರಿ ಅಕ್ಕೋರ."

"ಬರ್ತೀನಿ ಅನ್ನು. ಮಳಿ ನಿಲ್ಲಲಿ."

ಮತ್ತೆ ಬಂದು ಕೇಳಿದ.

"ಮಳಿ ನಿಂತೈತಿ ಅಂತ ಅವ್ವ ಹೇಳ್ಯಾಳ್ರಿ."

"ನೀರು ಇಳೀಲಿ."

ಆಮೇಲಾಮೇಲೆ ಹುಡುಗ ಕರೆಯನ್ನೂ ಉತ್ತರವನ್ನೂ ತಾನೇ ಹೇಳತೊಡಗಿದ.

"ಅವ್ವ ಕರದಾಳ್ರಿ. ನೀರು ಇಳದ ಮ್ಯಾಲ ಬರ್ತೀರಲ್ರಿ."

"ಶಾಣ್ಯಾ," ಅಂದಳು ಸಾವಂತ್ರಿ.

ಒಂದು ದಿನ ಕಟ್ಟೆಯ ಮೇಲಿಂದ ಪಾಠದ ಬದಲು ಕೆಮ್ಮು ಕೇಳಿತು. ಕೆಲವು ದಿನ ಕೇಳಿತು. ಆಮೇಲೆ ಕಟ್ಟೆ ಖಾಲಿ ಇತ್ತು.

ಸಂತೆಗೆ ಚಾಪೆ ಹೊತ್ತು ಬಂದವರು ಸುದ್ದಿ ತಂದರು. ಜ್ವರ ಎದೆಗಿಳಿದಿತ್ತು.

*

"ಹುಲಗಪ್ಪ ಹೋದ್ನಂತ್ರಿ ಅವ್ವಾರ."

ಅವ್ವಾರು ಅಕ್ಕಿ ಆರಿಸುತ್ತಿದ್ದರು. ಮೊರ ಕೆಳಗಿಟ್ಟರು.

"ಮನ್ಯಾಗ ಅವನ್ನ ಏನಂತ ಕರೀತಿದ್ರು?"

ಸಾವಂತ್ರಿಗೆ ಗೊತ್ತಿರಲಿಲ್ಲ.

"ಹಂಗಾರ ನೀ ಇಷ್ಟು ದಿನ ಪಾಠ ಹೇಳಿದ್ದು ಯಾರಿಗೆ?"

ಸಾವಂತ್ರಿ ಅತ್ತಳು. ಅವ್ವಾರು ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಅಳು ಮುಗಿಯುವವರೆಗೆ ಕಾದರು.

"ಮಕ್ಕಳನ್ನ ನಾ ನೋಡ್ಕೊಂತೀನಿ. ನೀ ಬಾಕಿ ಊಟ ಉಂಡು ಬಾ. ಉಂಡ ಮ್ಯಾಲ ಪಾಠ."

"ಈಗ್ರಿ? ಹುಡುಗನ ಇಲ್ಲ."

"ಕರದಾಕಿ ಅದಾಳಲ್ಲ."

"ಯಾವ ಮಾರಿ ಹೊತ್ತುಕೊಂಡು ಹೋಗ್ಲಿರಿ?"

"ನಿನಗ ಇರೋದು ಒಂದ ಮಾರಿ. ಅದನ್ನ ತಗೊಂಡು ಹೋಗು. ಸೂತಕ ಕಳದ ಮರುದಿನ ಹೋಗು."

"ಬಾಗಿಲಾ ತೆಗೀಲಿಲ್ಲಂದ್ರ?"

"ಹೊರಗ ಕುಂಡ್ರು," ಅಂದರು ಅವ್ವಾರು. "ಅಂವ ಕುಂತಿದ್ನಲ್ಲ."

*

ನಡುನೀರಿನಲ್ಲಿ ಸಾವಂತ್ರಿಯ ಕಾಲು ಜಾರಿತು. ಕೈ ತಾನಾಗಿ ನೆರಿಗೆ ಬಿಟ್ಟು ನೀರನ್ನು ಹಿಡಿಯಲು ಹೋಯಿತು. ನೀರು ಹಿಡಿಗೆ ಸಿಗುವಂಥದ್ದಲ್ಲ. ಮುಗ್ಗರಿಸಿ, ಬಾಯಿಗೆ ನೀರು ಹೋಗಿ, ಹೇಗೋ ಎದ್ದು ನಿಂತಳು. ಸೀರೆ ಕಾಲಿಗೆ ಸುತ್ತಿ ಎಳೆಯುತ್ತಿತ್ತು.

ಇನ್ನು ಎತ್ತಿ ಹಿಡಿಯುವುದಕ್ಕೆ ಏನೂ ಉಳಿದಿರಲಿಲ್ಲ. ಅವಳು ಒಂದು ಕೈಯನ್ನು ತಲೆಯ ಮೇಲೆ ಎತ್ತಿ ನೋಡಿದಳು. ಖಾಲಿ ಕೈ. ಆದರೂ ನಾಲ್ಕು ಹೆಜ್ಜೆಗೆ ತೋಳು ಸೋತಿತು. ಹೊಳೆಯ ಸೆಳೆತಕ್ಕೆ ಒಂದೇ ಕೈಯ ಮನುಷ್ಯ ಸದರ.

ಹುಲಗಪ್ಪನ ಪಾಟಿ ಒಂದು ದಿನವೂ ಒದ್ದೆ ಇರಲಿಲ್ಲ. ಬಳಪದ ಗೆರೆ ಒಂದೂ ಅಳಿಸಿರುತ್ತಿರಲಿಲ್ಲ. ಅದು ಅವಳಿಗೆ ಅಲ್ಲಿ, ನೀರಿನ ನಡುವೆ ನೆನಪಾಯಿತು.

ಅತ್ತಿ ಗಿಡದ ಆಚೆ ಜೊಂಡಿನ ಗುಡಿಸಲು. ಮುಂದೆ ಅಗೆದ ಗುಂಡಿಯಲ್ಲಿ ನೀರು ತುಂಬಿಸಿ, ಜೊಂಡಿನ ಕಟ್ಟುಗಳನ್ನು ಮುಳುಗಿಸಿ ಕಲ್ಲು ಹೇರಿದ್ದರು. ಪಕ್ಕದಲ್ಲಿ ಒಂದು ಚಿಕ್ಕ ಹುಡುಗಿ ಕುಳಿತು ನೀರು ಬಡಿಯುತ್ತಿತ್ತು.

"ಅವ್ವಾ, ಯಾರೋ ಬಂದಾರ. ಪೂರಾ ತೊಯ್ದಾರ."

ಫಕೀರವ್ವ ಹೊರಗೆ ಬಂದಳು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತು ನೋಡಿದಳು.

ಸಾವಂತ್ರಿ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡು ಬಂದಿದ್ದಳು. ಅವು ಹೊಳೆಯಲ್ಲೇ ಹೋಗಿದ್ದವು.

"ನಾ..."

"ಗೊತ್ತಾತ್ರಿ ಅಕ್ಕೋರ. ಮೊದಲ ಒಳಗ ಬರ್ರಿ."

"ಇಲ್ಲೇ ನಿಂದ್ರತೀನಿ. ನೆಲಾ ಹಸಿ ಆಗತೈತಿ."

"ಆಗ್ಲಿ ಬರ್ರಿ. ನೆಲಕ್ಕೇನು ಜ್ವರ ಬರತೈತೇನು?"

ಹೇಳಿದ ಮೇಲೆ ಫಕೀರವ್ವ ಹೊಳೆಯ ಕಡೆ ಮುಖ ತಿರುಗಿಸಿದಳು. ಹುಡುಗಿ ಮಾತ್ರ ನೀರು ಬಡಿಯುತ್ತಲೇ ಇತ್ತು.

*

ಒಳಗೆ ಫಕೀರವ್ವ ತನ್ನದೊಂದು ಒಣ ಸೀರೆ ಕೊಟ್ಟಳು. ಒಲೆಯ ಹತ್ತಿರ ಕೂರಿಸಿದಳು. ಒದ್ದೆ ಸೀರೆಯನ್ನು ಹಿಂಡಿ ಹಗ್ಗದ ಮೇಲೆ ಹಾಕಿದಳು.

"ಕರಿ ಕಲ್ಲಿನ ಕಡೆಯಿಂದ ಬಂದ್ರೇನು?"

"ಹೌದ್ರಿ."

"ನಮ್ಮ ಹುಡುಗನ ಹಾದಿ ಅದು." ಅವಳು ಒಲೆಗೆ ಕಡ್ಡಿ ಒಟ್ಟಿದಳು. "ಇವರಪ್ಪ ತೆಪ್ಪಾ ತಗೊಂಡು ಸಂತಿಗೆ ಹೋದ್ರ ವಾರಗಟ್ಟಲೆ ಬರಂಗಿಲ್ಲ. ಅಲ್ಲೀತನಕ ಕಾಲೇ ತೆಪ್ಪಾ."

ಸಾವಂತ್ರಿ ಏನಾದರೂ ಮಾತಾಡಬೇಕಲ್ಲ ಅಂತ ಹೊರಗಿನ ಗುಂಡಿ ತೋರಿಸಿದಳು.

"ಜೊಂಡು ನೀರಾಗ ಯಾಕ ಇಟ್ಟೀರಿ?"

"ನೆನೀಬೇಕಲ್ರಿ. ಒಣಾ ಜೊಂಡು ಮಡಚಿದ್ರ ಮುರೀತೈತಿ. ಆಶ್ರಮಕ್ಕ ಕೊಟ್ಟ ಚಾಪಿನೂ ಹಿಂಗ ನೆನೆಸಿ ಹೆಣದದ್ದು. ಅವು ನಮ್ಮವು ಅಂತ ಹುಡುಗ ಹೇಳಿಲ್ಲೇನು?"

"ಇಲ್ರಿ."

"ಹೇಳಿರಂಗಿಲ್ಲ ಬಿಡ್ರಿ. ನಾಚಿಕಿ ಸ್ವಭಾವ."

ಫಕೀರವ್ವ ಸೂರಿಗೆ ಕಟ್ಟಿದ ನೆಲುವಿನಿಂದ ಒಂದು ಗಡಿಗೆ ಇಳಿಸಿದಳು. ಕೆಂಪನೆಯ ಹೊಸ ಗಡಿಗೆ. ಎಲ್ಲೂ ಮಸಿ ಇಲ್ಲ, ಮೇಲೆ ಧೂಳು ಮಾತ್ರ.

"ಇದರಾಗ ನುಚ್ಚು ಮಾಡ್ತೀನ್ರಿ. ನಮ್ಮ ಗಡಿಗ್ಯಾಗ ಮೀನು ಮಾಡಿರ್ತೀವಿ, ಆಶ್ರಮದೋರಿಗೆ ನಡಿಯಂಗಿಲ್ಲ. ಇದು ನಿಮಗಂತ ತಂದಿದ್ದು. ಯಾರೂ ಮುಟ್ಟಿಲ್ಲ."

"ಯಾವಾಗ ತಂದ್ರಿ?"

"ಅಂವ ಸಾಲಿಗೆ ಸೇರಿದ ವಾರ."

ನೀರು ಇಳಿಯಲಿ ಅಂದದ್ದು ಬರೀ ನೀರಿಗಾಗಿ ಅಲ್ಲ ಅನ್ನುವುದು ಸಾವಂತ್ರಿಗೆ ಗೊತ್ತಿತ್ತು. ಅದು ಫಕೀರವ್ವನಿಗೂ ಮೊದಲಿನಿಂದ ಗೊತ್ತಿತ್ತು ಅನ್ನುವುದು ಈಗ ಗೊತ್ತಾಯಿತು.

"ಹುಲಗಪ್ಪಗ ಯಾವುದರಾಗ ಮಾಡಿ ಹಾಕ್ತಿದ್ರಿ?"

ಫಕೀರವ್ವ ಒಲೆಯ ಪಕ್ಕದ ಕಪ್ಪು ಗಡಿಗೆಯ ಕಡೆ ನೋಡಿದಳು.

"ಅದರಾಗ ಮಾಡ್ರಿ," ಅಂದಳು ಸಾವಂತ್ರಿ.

"ವಾಸನಿ ಇರತೈತ್ರಿ."

"ಇರಲಿ."

ಫಕೀರವ್ವ ಸೆರಗಿನಿಂದ ಹೊಸ ಗಡಿಗೆಯ ಧೂಳು ಒರೆಸಿದಳು. ಆಮೇಲೆ ಅದನ್ನು ಮಗಳ ಕೈಗೆ ಕೊಟ್ಟಳು.

"ಬರಮಿ, ಇದರಾಗ ಕುಡಿಯಾಕ ನೀರು ತುಂಬಿಕೊಂಡು ಬಾ. ಅಕ್ಕೋರಿಗೆ."

*

ಜೋಳದ ನುಚ್ಚು, ಹುಣಸೆಹಣ್ಣಿನ ಸಾರು. ಮೊದಲ ತುತ್ತಿಗೆ ಮೀನಿನ ವಾಸನೆ ಬಂತು. ಸಾವಂತ್ರಿ ನುಂಗಿದಳು. ಎರಡನೆಯ ತುತ್ತಿಗೂ ಬಂತು. ಆಮೇಲೆ ಅದು ಆ ಮನೆಯ ವಾಸನೆ ಆಯಿತು.

ಬರಮಿ ಎದುರಿಗೇ ಕುಳಿತು ಅವಳ ಬಾಯಿ ನೋಡುತ್ತಿದ್ದಳು.

"ಅವ್ವಾ, ಅಕ್ಕೋರು ಗುಬ್ಬಿ ಉಂಡಂಗ ಉಂತಾರ. ಕೊಕ್ಕರಿ ದೊಡ್ಡ ದೊಡ್ಡ ತುತ್ತು ಉಂತಿದ್ದ."

"ಸುಮ್ಮನ ಉಣ್ಣು."

"ಕೊಕ್ಕರಿ ಯಾರು?" ಅಂದಳು ಸಾವಂತ್ರಿ.

"ಅವನ ಮತ್ತ," ಅಂದಳು ಫಕೀರವ್ವ. "ಮನ್ಯಾಗ ಹಂಗ ಕರೀತಿದ್ವಿ. ಸಣ್ಣಾಂವ ಇದ್ದಾಗ ನೀರಾಗ ಒಂದ ಕಾಲ ಮ್ಯಾಲ ನಿಂದ್ರತಿದ್ದ. ಮೀನು ಮೋಸ ಹೋಗತಾವಂತ."

ಸಾವಂತ್ರಿ ತಟ್ಟೆ ನೋಡಿದಳು.

"ಅಕ್ಕೋರ," ಅಂದಳು ಬರಮಿ, "ಅಣ್ಣಗ ಕೊಟ್ಟಿದ್ರಲ್ಲ, ಬಿಸಿಲ ಜಾಗಾ. ಅದು ನನಗೂ ಕೊಡ್ತೀರಿ?"

"ಯಾವ ಜಾಗಾ?"

ಹುಡುಗಿ ಅವ್ವನ ಮುಖ ನೋಡಿದಳು. ಫಕೀರವ್ವ ಸಾರಿನ ಸೌಟು ಕೆಳಗಿಡದೆ ಹೇಳಿದಳು.

"ಅಂವ ಬಂದು ಹೇಳ್ತಿದ್ದನ್ರಿ. ಒಳಗ ಹುಡುಗರೆಲ್ಲಾ ಒತ್ತಿಕೊಂಡು ಕುಂತಿರ್ತಾರ, ನಾ ತೊಯ್ದು ಬರ್ತೀನಂತ ನನಗೊಬ್ಬಂಗ ಅಕ್ಕೋರು ಕಟ್ಟಿ ಮ್ಯಾಲ ಬಿಸಿಲ ಜಾಗಾ ಕೊಟ್ಟಾರ, ಅಂತ. ಅಲ್ಲಿ ಕುಂತ್ರ ಹೊಳಿ ಕಾಣತೈತಿ, ನಮ್ಮ ಮನಿ ಹೊಗಿ ಏಳೂದೂ ಕಾಣತೈತಿ, ಅಂತ. ಇಕಿಗಂತೂ ದಿನಾ ಅದ ಕಥಿ."

ಇದೊಂದು ಮಾತನ್ನು ಹಾಗೇ ಇರಲು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಸತ್ತ ಮಗನ ಮಾತು, ತಾಯಿಗೆ ಉಳಿದಿರಲಿ ಅಂತ ಸುಮ್ಮನಿರುವುದು ಪುಣ್ಯದ ಕೆಲಸದಂತೆಯೂ ಕಂಡೀತು.

"ಅಲ್ಲಿ ಬಿಸಿಲು ಇರಲಿಲ್ರಿ," ಅಂದಳು. "ಬರೀ ಗಾಳಿ ಇತ್ತು. ಚಾಪಿ ಹಸಿ ಆಗತಾವಂತ ನಾನ ಹೊರಗ ಕುಂಡ್ರಿಸಿದೆ. ಮಳಿ ಇದ್ದಾಗನೂ."

ಫಕೀರವ್ವ ಸಾರು ಬಡಿಸಿದಳು.

"ಮಳಿಗಾಲದಾಗ ಬಿಸಿಲು ಎಲ್ಲಿಂದ ಬರಬೇಕ್ರಿ? ಅಷ್ಟು ಗೊತ್ತಾಗಂಗಿಲ್ಲೇನು ನನಗ?"

"ನಿಮಗ ಗೊತ್ತಿತ್ತು?"

"ಅಂವ ಹೇಳ್ತಿದ್ದ. ನಾ ಹೂಂ ಅಂತಿದ್ದೆ."

"ಮತ್ತ ಯಾಕ ಬಂದು ನನ್ನ ಕೇಳಲಿಲ್ಲ?"

"ನಿಮ್ಮ ಮುಂದ ನಿಂತು ಹೆಂಗ ಕೇಳ್ಲಿರಿ? ನನ್ನಂಥಾಕಿಗೆ ಅಲ್ಲಿ ಬಾಯಿ ಬರಂಗಿಲ್ಲ. ಕೇಳಿದ್ರ ಸಾಲಿನ ಬ್ಯಾಡ ಅಂದಾರು ಅಂತ ಅಂಜಿಕಿ ಬ್ಯಾರೆ." ಅವಳು ಮಗಳ ತಟ್ಟೆಗೂ ಒಂದಿಷ್ಟು ನುಚ್ಚು ಹಾಕಿದಳು. "ನನ್ನ ಒಲಿ ಮುಂದ ನೀವು ಕುಂತು, ನಾ ಬಡಿಸಿದ್ದನ್ನ ನೀವು ಉಣ್ಣೋ ಮುಂದ ಒಂದು ಮಾತು ಹೇಳಬಹುದಲ್ಲ. ಹುಡುಗನ ಎದಿ ಸೂಕ್ಷ್ಮ ಐತಿ, ಒಂದೀಟು ಒಳಗ ಕುಂಡ್ರಿಸ್ರಿ, ಅಂತ. ಅಷ್ಟ."

ಒಲೆಯಲ್ಲಿ ಕಡ್ಡಿ ಮುರಿದು ಬಿತ್ತು.

"ಅದಕ್ಕ ಕರದಿದ್ದೆ," ಅಂದಳು ಫಕೀರವ್ವ.

ಸಾವಂತ್ರಿ ಅಳುತ್ತ ಉಂಡಳು. ಅಳು ಬಂತೆಂದು ಉಣ್ಣುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಫಕೀರವ್ವ ಸಮಾಧಾನ ಮಾಡಬೇಕಾಗುತ್ತಿತ್ತು. ಆ ಕೆಲಸವನ್ನೂ ಅವಳ ಮೇಲೆ ಹಾಕುವುದು ಬೇಡವಾಗಿತ್ತು.

"ಇನ್ನೊಂದೀಟು ಹಾಕ್ಲೇನ್ರಿ?"

"ಹಾಕ್ರಿ."

ಹೊರಡುವಾಗ ಸೀರೆ ಇನ್ನೂ ಒಣಗಿರಲಿಲ್ಲ. ಅದನ್ನೇ ಉಟ್ಟುಕೊಂಡಳು. ಫಕೀರವ್ವ ಅತ್ತಿ ಗಿಡದವರೆಗೆ ಬಂದಳು.

"ಇಕಿನ್ನ ನಾ ಸಾಲಿಗೆ ಕಳಸಂಗಿಲ್ರಿ. ಕೇಳಬ್ಯಾಡ್ರಿ."

"ಕೇಳಾಕ ಬಂದಿದ್ದಿಲ್ರಿ."

"ಮತ್ತ?"

"ಉಣ್ಣಾಕ ಬಂದಿದ್ದೆ."

*

ಆಶ್ರಮಕ್ಕೆ ಬಂದಾಗ ಅವ್ವಾರು ಕಟ್ಟೆಯ ಮೇಲೆ ಕುಳಿತಿದ್ದರು. ಹುಲಗಪ್ಪ ಕೂರುತ್ತಿದ್ದ ಕಡೆ.

"ಉಂಡಿ?"

"ಉಂಡೆ."

"ಏನಂತ ಕರೀತಿದ್ರು?"

"ಕೊಕ್ಕರಿ ಅಂತ."

"ಕೊಕ್ಕರಿ," ಅಂದರು ಅವ್ವಾರು. ಹೊಳೆಯ ಕಡೆ ನೋಡಿ ಇನ್ನೊಮ್ಮೆ ಅಂದರು, ಯಾರನ್ನೋ ಕರೆದ ಹಾಗೆ.

ಸಾವಂತ್ರಿ ನಡೆದದ್ದನ್ನೆಲ್ಲ ಹೇಳಿದಳು. ಗಡಿಗೆಯದ್ದು, ಬಿಸಿಲಿನದ್ದು, ಹೂಂ ಅಂದದ್ದು. ಹುಡುಗಿಯನ್ನು ಕಳಿಸುವುದಿಲ್ಲ ಅಂದದ್ದನ್ನೂ.

"ಊಟ ಆತು. ಬಾಕಿ ತೀರಿದಂಗ ಆಗಲಿಲ್ರಿ ಅವ್ವಾರ."

"ನಂದೂ ತೀರಿಲ್ಲ."

"ನಿಮ್ಮದೇನು ಬಾಕಿ?"

ಅವ್ವಾರು ಬಹಳ ಹೊತ್ತು ಕಟ್ಟೆಯ ಕಲ್ಲನ್ನು ಅಂಗೈಯಿಂದ ಸವರಿದರು. ಕಲ್ಲು ತಣ್ಣಗಿತ್ತು.

"ನೀರು ಇಳೀಲಿ ಅಂತ ನೀ ಅಂದಿದ್ದಿಯಲ್ಲ, ಅವತ್ತು ಹಾಲು ಉಕ್ಕಿರಲಿಲ್ಲ."

*

ಪಾಠ ಮತ್ತೆ ಶುರುವಾಯಿತು. ಸಾವಂತ್ರಿ ಪಾಠದ ನಡುವೆ ಕಿಟಕಿಯಾಚೆ ಹೊಳೆಯ ಕಡೆ ನೋಡಿ ನಿಲ್ಲುತ್ತಿದ್ದಳು. ಮಕ್ಕಳು ಮುಂದಿನ ಸಾಲನ್ನು ತಾವೇ ಹೇಳಿಕೊಂಡು ಹೋಗುತ್ತಿದ್ದವು.

ಮಳೆ ಹಿಂದಿರುಗಿ ಬಂದ ಒಂದು ಬೆಳಿಗ್ಗೆ ಕಟ್ಟೆಯ ಕೆಳಗೆ ಫಕೀರವ್ವ ಬಂದು ನಿಂತಳು. ಹೆಗಲ ಮೇಲೆ ಬರಮಿ. ಇಬ್ಬರೂ ತೊಯ್ದು ತೊಪ್ಪೆಯಾಗಿದ್ದರು.

ಸಾವಂತ್ರಿ ಎದ್ದು ಬಾಗಿಲಿಗೆ ಬಂದಳು.

"ಸಾಲಿಗೆ ಅಲ್ರಿ," ಅಂದಳು ಫಕೀರವ್ವ ಮೊದಲೇ. "ಹಟ ಹಿಡದಾಳ. ಅಣ್ಣನ ಜಾಗಾ ನೋಡಬೇಕಂತ. ತೋರಿಸಿಕೊಂಡು ಹೋಗ್ತೀನಿ."

ಬರಮಿ ಹೆಗಲಿನಿಂದ ಇಳಿದಳು. ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ನಡೆದಳು. ಕಲ್ಲಿನ ಮೇಲೆ ನೀರು ಹರಿಯುತ್ತಿತ್ತು. ಇರಿಚಲು ಗೋಡೆಯವರೆಗೆ ಹೊಡೆಯುತ್ತಿತ್ತು. ಹೊಳೆಯಾಚೆ ಹೊಗೆಯೂ ಕಾಣುತ್ತಿರಲಿಲ್ಲ.

"ಬಿಸಿಲ ಜಾಗಾ ಎಲ್ಲೈತ್ರಿ ಅಕ್ಕೋರ?"

ಒಳಗೆ ಮಕ್ಕಳು ಪಾಠ ನಿಲ್ಲಿಸಿ ಬಾಗಿಲ ಕಡೆ ತಿರುಗಿದವು. ಫಕೀರವ್ವ ಸಾವಂತ್ರಿಯ ಮುಖ ನೋಡುತ್ತ ನಿಂತಳು.

ಪಡಸಾಲೆಯ ಒಳಮೂಲೆಯಲ್ಲಿ ಅವ್ವಾರ ಚಾಪೆ. ಪಕ್ಕದಲ್ಲಿ ಅವರ ಮಂಡಿನೋವಿಗೆಂದು ಇಟ್ಟ ಕೆಂಡದ ಮಡಕೆ. ಆ ಚಾಪೆಯ ಮೇಲೆ ಬೇರೆ ಯಾರೂ ಕೂತಿದ್ದನ್ನು ಯಾರೂ ನೋಡಿರಲಿಲ್ಲ.

ಅವ್ವಾರು ಗೋಡೆ ಹಿಡಿದು ನಿಧಾನಕ್ಕೆ ಎದ್ದರು. ಎರಡು ಹೆಜ್ಜೆ ಸರಿದು ಬರೀ ನೆಲದ ಮೇಲೆ ಕುಳಿತರು. ಕೈಯಿಂದ ಚಾಪೆಯನ್ನು ತಟ್ಟಿದರು.

"ಇಲ್ಲೈತಿ. ಬಾ."

ಬರಮಿ ಹೊಸ್ತಿಲಿಗೆ ಬಂದು ನಿಂತಳು. ತನ್ನ ಕಾಲು ನೋಡಿಕೊಂಡಳು. ಲಂಗದಿಂದ ನೀರು ಸೋರುತ್ತಿತ್ತು.

"ಚಾಪಿ ಹಸಿ ಆಗತೈತಿ," ಅಂದಳು.

ಸಾವಂತ್ರಿ ಅವಳನ್ನು ಎತ್ತಿಕೊಂಡಳು. ಹಾಗೇ ಎತ್ತಿಕೊಂಡು ಮಕ್ಕಳ ನಡುವಿನಿಂದ ನಡೆದು, ಅವ್ವಾರ ಚಾಪೆಯ ಮೇಲೆ, ಕೆಂಡದ ಪಕ್ಕ ಕೂರಿಸಿದಳು. ನೀರು ಚಾಪೆಯ ಮೇಲೆ ಹರಿಯಿತು. ಜೊಂಡಿನ ಹಸಿ ವಾಸನೆ ಎದ್ದಿತು.

"ನೀವೂ ಬರ್ರಿ ಫಕೀರವ್ವ."

ಫಕೀರವ್ವ ಒಳಗೆ ಬಂದಳು. ತಾನು ಹೆಣೆದ ಚಾಪೆಗಳ ಮೇಲೆ ತನ್ನ ಒದ್ದೆ ಕಾಲಿನ ಗುರುತು ಬೀಳುವುದನ್ನು ನೋಡುತ್ತ ಬಂದಳು. ಮಗಳ ಹಿಂದೆ ಗೋಡೆಗೆ ಒರಗಿ ಕುಳಿತಳು.

ಮಕ್ಕಳಲ್ಲಿ ಯಾರೋ ಮೆಲ್ಲಗೆ ಪಾಠ ಶುರು ಮಾಡಿದರು. ಬರಮಿಗೆ ಅದು ಬಾಯಿಗೆ ಬರುತ್ತಿತ್ತು. ಅಣ್ಣ ಮನೆಯಲ್ಲಿ ಹೇಳುತ್ತಿದ್ದುದೇ ಅದು. ಅವಳೂ ಜೋರಾಗಿ ಹೇಳಿದಳು.

ಫಕೀರವ್ವ ಪಾಠ ಮುಗಿಯುವವರೆಗೆ ಕೇಳಿಸಿಕೊಂಡಳು.

"ಅಕ್ಕೋರ," ಅಂದಳು ಆಮೇಲೆ. "ಅವತ್ತು ನೀವು ಉಂಡಿದ್ದು ಅವನ ಲೆಕ್ಕದ ಊಟ. ಇಕಿದು ಬ್ಯಾರೆ ಐತಿ."

"ಇವತ್ತ ಸಂಜಿಗೆ ಬರ್ತೀನ್ರಿ."

"ಮಳಿ ಐತಿ."

"ಇರಲಿ."

ಸಾವಂತ್ರಿ ಬರಮಿಯ ಮುಂದೆ ಕುಳಿತಳು. ತನ್ನ ಸೆರಗು ತೆಗೆದುಕೊಂಡು ಹುಡುಗಿಯ ಪಾದ ಒರೆಸಿದಳು, ಬೆರಳುಗಳ ಸಂದಿ ಒರೆಸಿದಳು. ಹುಡುಗಿ ಕಚಗುಳಿಗೆ ಕಾಲು ಎಳೆದುಕೊಂಡಳು. ಕೈ ಒರೆಸಿದಳು, ಮುಖ ಒರೆಸಿದಳು. ತಲೆಯ ಮೇಲೆ ಸೆರಗು ಹಾಕಿ, ತನ್ನ ಕಣ್ಣು ಯಾರಿಗೂ ಕಾಣದಂತೆ ಬಗ್ಗಿ, ಬಹಳ ಹೊತ್ತು ಒರೆಸಿದಳು.

ಬರೀ ನೆಲದ ಮೇಲೆ ಕುಳಿತ ಅವ್ವಾರು ನೋಡುತ್ತಿದ್ದರು.

"ಜಡಿ ಬಿಚ್ಚಿ ಒರಸು ತಂಗಿ," ಅಂದರು. "ಒಳಗ ಇನ್ನೂ ಒದ್ದಿ ಐತಿ."